ಅನಂತರಾಜು ಕೂತ ದಿನ

ಎಲ್ಲಕ್ಕೂ ಮೂಲ ಅನಂತರಾಜುವಿನ ಪ್ಯಾಂಟು.

ತುಮಕೂರಿನ ಮಹಾಲಿಂಗಯ್ಯನವರ ಸೀರೆ ಅಂಗಡಿಯಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ, ಕೆಳಗಿನ ಗೂಡಿನಿಂದ ಧಾರೆ ಸೀರೆಗಳ ಕಟ್ಟು ಎಳೆಯಲು ಅವನು ಬಗ್ಗಿದ. ಹಿಂದುಗಡೆ ಪರ್ರೆಂದಿತು. ಸದ್ದಿನ ಉದ್ದ ಕೇಳಿಯೇ ಎಷ್ಟು ಹರಿದಿದೆ ಎಂದು ಅವನಿಗೆ ತಿಳಿಯಿತು. ಇಪ್ಪತ್ತು ವರ್ಷ ಬಟ್ಟೆ ಹರಿದು ಕೊಟ್ಟ ಅನುಭವ. ಮುಕ್ಕಾಲು ಗಜಕ್ಕೆ ಕಮ್ಮಿಯಿಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕುಸಿದು ಕೂತುಬಿಟ್ಟ.

ಆ ಅಂಗಡಿಯಲ್ಲಿ ಕೆಲಸದವರು ಕೂರುವಂತಿರಲಿಲ್ಲ. ಗಿರಾಕಿ ಇರಲಿ ಇಲ್ಲದಿರಲಿ, ದಿನಕ್ಕೆ ಹನ್ನೊಂದು ಗಂಟೆ ಲೈಟ್ ಕಂಬದ ಹಾಗೆ ನಿಂತಿರಬೇಕು. ಹೋದ ತಿಂಗಳು ಗೋಡೆಗೆ ಒರಗಿದವಳೊಬ್ಬಳನ್ನು ಮಹಾಲಿಂಗಯ್ಯ ಅವತ್ತೇ ಮನೆಗೆ ಕಳಿಸಿದ್ದರು. ಊರಲ್ಲಿಲ್ಲದ ದಿನ ಮೊಬೈಲಿನಲ್ಲೇ ಅಂಗಡಿಯ ಕ್ಯಾಮೆರಾ ನೋಡುತ್ತಿದ್ದರು.

ಎರಡು ನಿಮಿಷಕ್ಕೆ ಫೋನ್ ಬಂತು. ಯಜಮಾನರು ಗುಬ್ಬಿಯಲ್ಲಿ ನೆಂಟರ ಗೃಹಪ್ರವೇಶದ ಊಟಕ್ಕೆ ಕೂತಿದ್ದರು.

"ಏನ್ಲಾ ಅನಂತ, ಮದುವೆ ಗಂಡು ಕೂತಂಗೆ ಕೂತಿದೀಯ? ಎದ್ದೇಳ್ಲಾ!"

"ಆಗಲ್ಲ ಸಾರ್."

"ಯಾಕಾಗಲ್ಲ?"

ಸುತ್ತ ಆರು ಜನ ಸೇಲ್ಸ್ ಹೆಂಗಸರು. ಎದುರಿಗೆ ಕುಣಿಗಲ್ ಕಡೆಯಿಂದ ಮದುವೆ ಜವಳಿ ತೆಗೆಯಲು ಬಂದ ಹದಿನಾಲ್ಕು ಜನ. ಸೀರೆಯೊಂದನ್ನು ಸುತ್ತಿಕೊಳ್ಳೋಣವೆಂದರೆ ತಲೆಯ ಮೇಲೆ ಕ್ಯಾಮೆರಾ.

"ಬಾಯ್ಬಿಟ್ಟು ಹೇಳಕ್ಕಾಗಲ್ಲ ಸಾರ್," ಎಂದ ಅನಂತರಾಜು. "ನಿಮಗೇ ಅರ್ಥ ಆಗ್ಬೇಕು."

ಪಕ್ಕದಲ್ಲಿ ನಿಂತಿದ್ದ ಸುಧಾಳ ಕಣ್ಣಲ್ಲಿ ನೀರು ಬಂತು. ನಿಂತೂ ನಿಂತೂ ಅವಳ ಮೀನಖಂಡದ ನರಗಳು ಹುರಿಹಗ್ಗದಂತೆ ಗಂಟುಕಟ್ಟಿದ್ದವು.

"ಕೇಳಿದ್ರೇನ್ರೇ? ಹತ್ತು ವರ್ಷದಿಂದ ನನ್ನ ಗಂಟಲಲ್ಲಿದ್ದ ಮಾತು, ಅಣ್ಣ ಆಡ್ಬುಟ್ರು!" ಎಂದವಳೇ ನೆಲದ ಮೇಲೆ ಕೂತಳು. ಉಳಿದ ಐವರೂ ಕೂತರು.

"ಏಳ್ರಮ್ಮಾ, ಎಲ್ರ ಕೆಲ್ಸಾನೂ ಹೋಗುತ್ತೆ!" ಅನಂತರಾಜು ಪಿಸುಗುಟ್ಟಿದ.

"ಮೊದ್ಲು ನೀವು ಏಳಿ ಅಣ್ಣ, ಆಮೇಲೆ ನಾವು."

ಅದೊಂದು ಮಾತ್ರ ಆಗುವಂತಿರಲಿಲ್ಲ.

ಮದುವೆ ಹೆಣ್ಣಿನ ತಾಯಿ, ಕೊತ್ತಗೆರೆಯ ಸರ್ವಮಂಗಳಮ್ಮ, ಸುಧಾಳ ಕಾಲು ನೋಡಿ ಕೆನ್ನೆಗೆ ಕೈಯಿಟ್ಟರು. "ಅಯ್ಯೋ, ನಮ್ಮ ಕೊಟ್ಟಿಗೇಲಿ ಹಸುನೂ ಮಧ್ಯಾಹ್ನ ಮಲಗ್ತದಲ್ಲವ್ವಾ! ಇವ್ರಿಗೆ ಕೂರಕ್ಕೆ ಕೊಡೋ ತಂಕ ನಾವು ಒಂದು ರವಿಕೆ ಕಣಾನೂ ತಗಳಲ್ಲ, ಬುಡಿ."

ಸುದ್ದಿ ಬೀದಿಗಿಳಿಯಿತು. ಆಟೋ ಯೂನಿಯನ್ನಿನ ಕನಕರಾಜು, ಎಲ್ಲಿ ನಾಲ್ಕು ಜನ ಕೂತರೂ ಧರಣಿಯೆಂದೇ ತಿಳಿಯುವ ಮನುಷ್ಯ, ಹಾರ ಹಿಡಿದು ಬಂದ.

"ಎದ್ದು ನಿಂತ್ಕೊಳ್ಳಿ ಬ್ರದರ್, ಹಾರ ಹಾಕ್ತೀನಿ."

"ಕೂತಂಗೇ ಹಾಕ್ಬಿಡಿ."

"ನೋಡ್ರಪ್ಪಾ, ಸನ್ಮಾನಕ್ಕೂ ಏಳಲ್ಲ ಅಂತಾವ್ರೆ! ಇದು ಹೋರಾಟ ಅಂದ್ರೆ!"

ಯಾರೋ ಕಾಫಿ ತಂದರು. ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ಅನಂತರಾಜು ಬೇಡವೆಂದ.

"ಉಪವಾಸಾನೂ ಶುರು ಮಾಡವ್ರೆ!" ಎಂದು ಕನಕರಾಜು ಮೆಟ್ಟಿಲ ಮೇಲಿಂದ ಕೂಗಿದ. ಕೆಳಗೆ ಜೈಕಾರವಾಯಿತು.

ಮಹಾಲಿಂಗಯ್ಯ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಓಡಿಬಂದರು.

"ರೂಮಿಗೆ ಬಾರೋ, ಮಾತಾಡೋಣ."

"ನೀವೇ ಇಲ್ಲಿ ಬನ್ನಿ ಸಾರ್."

ಇಪ್ಪತ್ತು ವರ್ಷದಲ್ಲಿ ಅವರಿಗೆ ಹಾಗಂದವರಿರಲಿಲ್ಲ. ಯಜಮಾನರ ಮುಖ ಮೆಣಸಿನಕಾಯಿ ಬಜ್ಜಿಯಂತೆ ಉಬ್ಬಿತು. ಅಷ್ಟರಲ್ಲಿ ಸರ್ವಮಂಗಳಮ್ಮ ಬ್ಯಾಗು ಹೆಗಲಿಗೇರಿಸಿದರು. ಹಿಂದೆಯೇ ಹದಿಮೂರು ಜನ ಎದ್ದರು. ಉಬ್ಬಿದ ಮುಖ ಇಳಿಯಿತು. ಬಿಲ್ಲಿನ ಹಿಂಬದಿಯಲ್ಲೇ ಮಹಾಲಿಂಗಯ್ಯ ಬರೆದುಕೊಟ್ಟರು: "ಸೇಲ್ಸ್‌ನವರಿಗೆಲ್ಲ ಇವತ್ತಿನಿಂದಲೇ ಸ್ಟೂಲು."

ಜನ ಜೈಕಾರ ಹಾಕುತ್ತಿರುವಾಗ ಅನಂತರಾಜು ಎದ್ದ. ಎಲ್ಲರಿಗೂ ಕೈಮುಗಿಯುತ್ತ, ಯಾರಿಗೂ ಬೆನ್ನು ತೋರಿಸದೆ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಗೋಡೌನು ಸೇರಿದ. "ಎಂಥಾ ವಿನಯ ನೋಡವ್ವ!" ಎಂದರು ಸರ್ವಮಂಗಳಮ್ಮ.

ಸೀರೆಗೆ ಹಾಕುವ ಪಿನ್ನುಗಳಿಂದ ಮಾನ ಜೋಡಿಸಿಕೊಂಡು ಅವನು ಹೊರಬರುವಷ್ಟರಲ್ಲಿ ಹೊಸ ಸ್ಟೂಲುಗಳು ಬಂದಿದ್ದವು. ಆರು ಜನವೂ ಕೂತೇ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಕೆಲಸ ಉಳಿಯಿತು, ಕೂರಲು ಜಾಗವೂ ಸಿಕ್ಕಿತು! ಏಳನೆಯ ಸ್ಟೂಲನ್ನು ಎಳೆದುಕೊಂಡ.

"ಅದು ಸೇಲ್ಸ್‌ನವ್ರಿಗೆ ಕಣಯ್ಯ," ಎಂದರು ಮಹಾಲಿಂಗಯ್ಯ, ಬಲು ಮೆತ್ತಗೆ. "ಒಂದು ಮಾತಿಗೆ ಆರು ಜನನ್ನ ಕೂರಿಸ್ದೆ. ನಿನ್ನಂಥೋನು ನಂಗೆ ಬೇಕು. ಇವತ್ತಿಂದ ನೀನು ಫ್ಲೋರ್ ಮ್ಯಾನೇಜರ್ರು. ಸಂಬಳ ಅಷ್ಟೇ. ಓಟಿ, ವಾರದ ರಜ ಇರಲ್ಲ, ಮ್ಯಾನೇಜ್‌ಮೆಂಟ್‌ನವ್ರಿಗೆ ಅವೆಲ್ಲ ಯಾಕೆ? ಗಿರಾಕಿ ಬಂದ್ರೂ ಕೂತೇ ಇರೋರು ಯಾರು ಅಂತ ನಿಂತ್ಕೊಂಡು ನೋಡ್ತಿರು."

ಅನಂತರಾಜು ದಿಕ್ಕು ತೋಚದೆ ಕನಕರಾಜುವಿನ ಕಡೆ ನೋಡಿದ.

"ಸಾರಿ ಸಾರ್," ಎಂದು ಕನಕರಾಜು ಯೂನಿಯನ್ ಸದಸ್ಯತ್ವದ ರಶೀದಿ ಪುಸ್ತಕವನ್ನು ಜೇಬಿಗಿಳಿಸಿದ. "ಮ್ಯಾನೇಜ್‌ಮೆಂಟ್‌ನವ್ರನ್ನ ಯೂನಿಯನ್ನಿಗೆ ಸೇರಿಸ್ಕೊಳ್ಳಲ್ಲ."

ಅನಂತರಾಜು ಅಲ್ಲೇ ನಿಂತ. ಹಿಂದಿನಿಂದ ಸುಧಾ ಕರೆದಳು.

"ಒಂಚೂರು ಆ ಕಡೆ ನಿಂತ್ಕೊಳ್ಳಿ ಸಾರ್, ಫ್ಯಾನ್ ಗಾಳಿ ಬರ್ತಿಲ್ಲ."