ಚಿತ್ತವಾಡ್ಗಿಯ ಕುಲಾಧಿಪತಿ

ನಮ್ಮ ಚಿತ್ತವಾಡ್ಗಿಯಲ್ಲಿ ಒಂದು ಬ್ರಿಟಿಷ್ ವಿಶ್ವವಿದ್ಯಾಲಯ ಇದೆ ಎಂದರೆ ನಂಬುತ್ತೀರಾ? ಹೊಸಪೇಟೆಯ ಆಟೋದವರಿಗೇ ಗೊತ್ತಿಲ್ಲ, ನಿಮಗೆಲ್ಲಿ ಗೊತ್ತಿರಬೇಕು! ಅದರ ಕುಲಾಧಿಪತಿ ನನ್ನ ಸೋದರಮಾವ.

ಮಾವ ಸಂಡೂರಿನ ಗಣಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿ ನಿವೃತ್ತರಾದವರು. ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ ಓದುವ ಚಟ. ಕಾಲೇಜಿನಲ್ಲಿ ಪಾಠ ಹೇಳುವ ನಾನು ಅಂಥವರ ಕೈಗೆ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರ ಕೈಪಿಡಿ ಕೊಟ್ಟದ್ದೇ ತಪ್ಪಾಯಿತು. ಅದು ಹುಟ್ಟಿದ್ದು ಗಿರಣಿ ಕೆಲಸಗಾರರ ಸಂಜೆ ಶಾಲೆಯಾಗಿಯಂತೆ. ಆಮೇಲೆ ತಾಂತ್ರಿಕ ಕಾಲೇಜು, ಆಮೇಲೆ ಪಾಲಿಟೆಕ್ನಿಕ್, ಒಂದು ದಿನ ಸರ್ಕಾರ ಹೂಂ ಅಂದಿತು, ವಿಶ್ವವಿದ್ಯಾಲಯ!

"ಬರೇ ಬೋರ್ಡ್ ಬದ್ಲಾಸೋ ಕೆಲಸ ಲೇ ಇದು," ಎಂದರು ಮಾವ. ವಾರದೊಳಗೆ ಮನೆಯೇ ವಿಶ್ವವಿದ್ಯಾಲಯವಾಗಿ ಆಡಳಿತ ಬದಲಾಯಿತು.

ಕೈಪಿಡಿಯ ಪ್ರಕಾರ ಅಲ್ಲಿ ಚಾನ್ಸಲರ್, ಅಂದರೆ ಕುಲಾಧಿಪತಿ, ಇರುವುದು ಅಲಂಕಾರಕ್ಕೆ. ಗೌನು ತೊಟ್ಟು ಪದವಿ ಕೊಟ್ಟರೆ ಮುಗಿಯಿತು. ದುಡಿಯುವವರು ವೈಸ್ ಚಾನ್ಸಲರ್. ಮಾವ ತಾವು ಚಾನ್ಸಲರ್ ಆಗಿ ಅತ್ತೆಯನ್ನು ವೈಸ್ ಮಾಡಿದರು.

"ವೈಸ್ ಅಂದ್ರ ಏನ್ ಮಾಡ್ಬೇಕ್ರಿ?" ಅತ್ತೆ ಕೇಳಿದರು.

"ಕೆಲಸೆಲ್ಲ ನಿಂದು, ಗೌನು ನಂದು."

"ಅದಕ್ಯಾಕ್ರಿ ಹೊಸಾ ಹೆಸರು? ಮೊದ್ಲಿಂದ ಹಂಗ ನಡದೈತಲ್ಲ," ಎಂದು ಅತ್ತೆ ಒಳಗೆ ಹೋದರು.

ಭಾನುವಾರ ಸೆನೆಟ್ ಸಭೆ. ಸದಸ್ಯರು ನಾವು ಮೂವರೇ. ಒಗ್ಗರಣೆ ಮಂಡಕ್ಕಿಗೆ ಮಿರ್ಚಿ ಬೇಕೋ ಬೇಡವೋ ಎಂಬುದನ್ನು ಮಾವ ಉಪಸಮಿತಿಗೆ ಒಪ್ಪಿಸಿದರು. ವರದಿ ಬರುವಷ್ಟರಲ್ಲಿ ವೈಸ್ ಚಾನ್ಸಲರ್ ಮಿರ್ಚಿ ಕರಿದು, ನಾವು ತಿಂದು, ಕೈ ತೊಳೆದಾಗಿತ್ತು. ಕುಲಾಧಿಪತಿಗಳು ತಿಂದದ್ದನ್ನೇ ಅನುಮೋದಿಸಿದರು.

ಇಂಥದೇ ಒಂದು ಸಭೆಯಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಂದೊಂದು ಅರ್ಜಿ ಐತ್ರಿ. ನಾನು ಎಸ್ಸೆಸ್ಸೆಲ್ಸಿ ಕಟ್ಟಬೇಕಂತ ಮಾಡೀನಿ," ಎಂದರು.

ನಾನು ನಕ್ಕುಬಿಟ್ಟೆ. ಪಾಠ ಹೇಳುವವನು ನಗಬಾರದಿತ್ತು. ಒಂಬತ್ತನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದ್ದ ಅತ್ತೆಯ ಮುಖ ಸಣ್ಣದಾಯಿತು. ಉಪ್ಪಿನಕಾಯಿಯನ್ನೂ ಉಪಸಮಿತಿಗೆ ಕಳಿಸುವ ಮಾವ ಈ ಅರ್ಜಿಯನ್ನು ಎಲ್ಲಿಗೂ ಕಳಿಸಲಿಲ್ಲ.

"ಸಂಜಿ ಆರರಿಂದ ಎಂಟರತನಕ ಅಡಿಗಿಮನಿ ನಂದು. ನೀ ಓದು," ಎಂದರು.

ಅಂದಿನಿಂದ ದಿನವೂ ಪಲ್ಯ ಸೀಯುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಸೀದದ್ದನ್ನು ತಿಂದು "ಮಸ್ತ್ ಆಗೈತ್ರಿ" ಎನ್ನುತ್ತಿದ್ದರು, ಪಾಪ.

ಶಾಲೆಗೆ ಮುಟ್ಟಿಸಲು ಮಾವ ನನ್ನ ಕೈಗೆ ಅತ್ತೆಯ ಪರೀಕ್ಷೆ ಅರ್ಜಿಯ ಲಕೋಟೆ ಕೊಟ್ಟರು. ಸಹಿ ಬಿಟ್ಟುಹೋಗಿದೆಯೇನೋ ಎಂದು ಅಲ್ಲೇ ತೆಗೆದು ನೋಡಿದೆ. ಒಳಗೆ ಎರಡು ಅರ್ಜಿ! ಎರಡನೆಯದು ಮಾವನ ಹೆಸರಿನಲ್ಲಿ. ಬಾಕಿ ಉಳಿದ ವಿಷಯ, ಗಣಿತ.

ಎಸ್ಸೆಸ್ಸೆಲ್ಸಿ ಪಾಸಾದ ವರನೆಂದೇ ಅತ್ತೆಯ ತಂದೆ ಕಂಪ್ಲಿಯಿಂದ ಹುಡುಕಿಕೊಂಡು ಬಂದು ಹೆಣ್ಣು ಕೊಟ್ಟಿದ್ದರು. ಅತ್ತೆಯೂ ಇಷ್ಟು ವರ್ಷ ಹಾಗೇ ನಂಬಿದ್ದರು. ಗಂಡನ ಓದಿನ ಬಗ್ಗೆ ಅವರಿಗೆ ಎಷ್ಟು ಹೆಮ್ಮೆಯೆಂದು ನನಗೆ ಗೊತ್ತು. ಎರಡೂ ಅರ್ಜಿಗಳನ್ನು ಲಕೋಟೆಗೆ ಮತ್ತೆ ಸೇರಿಸಿ ಕೇಳಿದೆ.

"ಮಾವ, ಈಗ ಅತ್ತಿಗೂ ಗೊತ್ತಾಗತೈತಲ್ರಿ?"

ಮಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಗೊತ್ತಾಗ್ಲಿ ಬಿಡು. ಅಷ್ಟು ದೊಡ್ಡ ಪರೀಕ್ಷಾ ರೂಮಿನ್ಯಾಗ ಒಬ್ಬಾಕಿನ ಕುಂದ್ರಾಕ ಆಕಿ ಅಂಜತಾಳ."