ಕಡಲ ಎದುರು ಕಡಲೆಕಾಳು

"ಮಗು ಹುಟ್ಟುವವರೆಗೆ ಈ ಮನೆಯ ಹೊಸ್ತಿಲನ್ನು ಒಂದೇ ಒಂದು ಕತ್ತಿಮೀನು ದಾಟಿದರೆ ನನ್ನ ಹೆಸರು ಸರೀನಾ ಅಲ್ಲ!"

ಮೇ ತಿಂಗಳ ಮೊದಲ ಭಾನುವಾರ, ಚರ್ಚಿನಿಂದ ಬಂದವಳೇ, ಅಡುಗೆಮನೆಯ ನಟ್ಟನಡುವೆ ಸೌಟು ಎತ್ತಿ ಹಿಡಿದು ನಾನು ಮಾಡಿದ ಘೋಷಣೆ ಇದು. ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳು ನಾನು. ಪ್ರತಿಜ್ಞೆ ಮಾಡುವುದನ್ನೂ, ಮುರಿದ ಮೇಲೆ ತಪ್ಪೊಪ್ಪಿಕೊಳ್ಳುವುದನ್ನೂ ಅಲ್ಲಿ ಬಹಳ ಚೆನ್ನಾಗಿ ಕಲಿಸಿದ್ದರು. ಈಗ ಎರಡನೆಯ ಪಾಠ ಒಪ್ಪಿಸುತ್ತಿದ್ದೇನೆ.

ನನ್ನ ಗಂಡ ಲಿಲ್ಲೊ ಪೇಪರು ಕೆಳಗಿಳಿಸಿ ನನ್ನನ್ನೇ ನೋಡಿದ. ಮೂವತ್ತು ವರ್ಷ ಕತ್ತಿಮೀನಿನ ದೋಣಿಯ ಕಂಬದ ತುದಿಯಲ್ಲಿ, ಏಳು ಮಹಡಿ ಎತ್ತರದಲ್ಲಿ ಕೂತು, ನೀರೊಳಗಿನ ನೆರಳು ನೋಡಿ "ಕಂಡ್ನಪ್ಪೋ!" ಎಂದು ಕೂಗುತ್ತಿದ್ದವನು ಅವನು. ಮೊಣಕಾಲು ಕೈಕೊಟ್ಟ ಮೇಲೆ ಕೆಳಗಿಳಿದ. ಅಂದಿನಿಂದ ಕತ್ತಿಮೀನನ್ನು ತಟ್ಟೆಯಲ್ಲಿ ಮಾತ್ರ ಕಾಣುತ್ತಿದ್ದ.

"ಮೇ ತಿಂಗಳಲ್ಲಾ?" ಎಂದ. "ಸರೀನಾ, ಇವತ್ತಿಂದ ತಾನೇ ಮೀನು ಬರೋದು! ಮದುವೆ ಊಟಕ್ಕೆ ಎಲೆ ಹಾಕಿದ ಮೇಲೆ ಉಪವಾಸ ಅಂತಿದ್ದೀಯಲ್ಲೇ!"

"ಮೊಮ್ಮಗು ಬೇಕೋ ಮೀನು ಬೇಕೋ?"

ಅವನು ಪೇಪರನ್ನು ಮತ್ತೆ ಮುಖದ ಮುಂದೆ ಹಿಡಿದುಕೊಂಡ. ಅದು ತಲೆಕೆಳಗಾಗಿತ್ತು.

ಮೊಮ್ಮಗು ಎಂದರೆ ಸಾಮಾನ್ಯ ಮೊಮ್ಮಗುವಲ್ಲ. ಒಂಬತ್ತು ವರ್ಷ ಕಾದು, ಎರಡು ಸಲ ಕೈತಪ್ಪಿ, ಮೂರನೆಯ ಸಲಕ್ಕೆ ನಿಂತ ಬಸಿರು. ಅಳಿಯ ನತಾಲೆ ಎಣ್ಣೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದಾನೆ. ಹೋಗಿ ಐದು ತಿಂಗಳಾಗಿತ್ತು. ಹಾಗಾಗಿ ಮಗಳು ಪ್ಲಾಚಿದಾ ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಡಾಕ್ಟರಮ್ಮ ಲೋ ಪ್ರೆಸ್ತಿ ಬೆರಳೆತ್ತಿ ಹೇಳಿದ್ದರು: "ದೊಡ್ಡ ಮೀನು ಸಣ್ಣ ಮೀನನ್ನ ತಿನ್ನುತ್ತೆ. ಸಣ್ಣದರ ಮೈಯಲ್ಲಿರೋ ಪಾದರಸವೆಲ್ಲ ದೊಡ್ಡದರ ಮೈಯಲ್ಲಿ ಸೇರ್ತಾ ಹೋಗುತ್ತೆ. ಬೇಯಿಸಿದ್ರೂ ಹೋಗಲ್ಲ, ನಿಂಬೆಹಣ್ಣು ಹಿಂಡಿದ್ರೂ ಹೋಗಲ್ಲ. ಹೊಟ್ಟೆಲಿರೋ ಮಗುವಿನ ಮಿದುಳಿಗೆ ಅದು ಒಳ್ಳೇದಲ್ಲ. ಕತ್ತಿಮೀನು ಬೇಡ, ದೊಡ್ಡ ಟ್ಯೂನಾ ಬೇಡ. ಬೂತಾಯಿಯಂಥ ಸಣ್ಣ ಮೀನು ತಿನ್ನಿ. ಮೊಟ್ಟೆ, ಕೋಳಿ, ಬೇಳೆ, ಕಡಲೆಕಾಳು ತಿನ್ನಿ."

ಬೂತಾಯಿಯ ವಾಸನೆ ಬಂದರೆ ಸಾಕು, ಪ್ಲಾಚಿದಾಗೆ ಓಕರಿಕೆ. ಕೋಳಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಉಳಿದದ್ದು ಕಡಲೆಕಾಳು! ಸೋಮವಾರ ಕಡಲೆ ಸಾರು, ಮಂಗಳವಾರ ಕಡಲೆ ರೊಟ್ಟಿ, ಬುಧವಾರ ಕಡಲೆ ಹಾಕಿದ ಪಾಸ್ತಾ, ಗುರುವಾರ ಪಾಸ್ತಾ ಹಾಕಿದ ಕಡಲೆ. ಕಿಟಕಿ ತೆರೆದರೆ ಎದುರಿಗೇ ಮೆಸ್ಸೀನಾದ ಜಲಸಂಧಿ, ಅದರ ಮೇಲೆ ಕತ್ತಿಮೀನು ಹಿಡಿಯುವ, ಉದ್ದ ಕೊಕ್ಕಿನ ದೋಣಿಗಳು. ತಟ್ಟೆಯಲ್ಲಿ ಮಾತ್ರ ಕಡಲಿನ ಬದಲು ಕಡಲೆ!

ಮಗಳು ತಕರಾರಿಲ್ಲದೆ ತಿಂದಳು. ಎಡವಟ್ಟು ಬೇರೆ ಕಡೆಯಿಂದ ಶುರುವಾಯಿತು.

ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ಬಾಲ್ಕನಿಗೆ ಹೋದರೆ ಪ್ಲಾಚಿದಾ ಗಂಟೆಗಟ್ಟಲೆ ಸಮುದ್ರ ನೋಡುತ್ತ ನಿಲ್ಲುವಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಹಣೆಯ ಮೇಲೆ. ಕಣ್ಣು ನೀರಿನಾಚೆ. ಆಗಾಗ ಉದ್ದನೆಯ ಒಂದು ನಿಟ್ಟುಸಿರು! ಅಂಥ ನಿಟ್ಟುಸಿರನ್ನು ನಮ್ಮ ಬೀದಿ ಸುಮ್ಮನೆ ಬಿಡುತ್ತದೆಯೇ?

ಕೆಳಮನೆಯ ತಿಂದಾರಕ್ಕನಿಗೆ ಎಪ್ಪತ್ತೆರಡು ವರ್ಷ. ಯಾರ ಮನೆಯಲ್ಲಿ ಯಾರು ಏನು ತಿಂದಾರು ಎಂಬ ವರದಿ ಸದಾ ಅವಳ ನಾಲಿಗೆಯ ತುದಿಯಲ್ಲಿ. ಮೂರನೆಯ ದಿನವೇ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಮುಚ್ಚಿದ ತಟ್ಟೆ. ಮುಚ್ಚಿದ್ದರೇನು, ಪರಿಮಳಕ್ಕೆ ಮುಚ್ಚಳವುಂಟೇ? ತೆಳ್ಳಗೆ ಕೊಯ್ದ ಕತ್ತಿಮೀನಿನೊಳಗೆ ಬ್ರೆಡ್ ಪುಡಿ, ಬೆಳ್ಳುಳ್ಳಿ, ಚೀಸ್ ಇಟ್ಟು ಸುತ್ತಿ ಕೆಂಡದ ಮೇಲೆ ಸುಟ್ಟ ಸುರುಳಿಗಳು!

"ಹುಡುಗಿಗೆ ಬಯಕೆ ಆಗಿದೆ ಕಣೇ," ಎಂದು ಪಿಸುಗುಟ್ಟಿದಳು. "ದೋಣಿಗಳನ್ನ ಹೆಂಗೆ ನೋಡ್ತಾಳೆ ನೋಡು. ನನ್ನ ಕರುಳು ಕಿತ್ತು ಬಂತು."

"ತಿಂದಾರಕ್ಕಾ, ಡಾಕ್ಟರು ಬೇಡ ಅಂದಿದ್ದಾರೆ. ಪಾದರಸವಂತೆ."

"ಡಾಕ್ಟರಿಗೆ ಪಾದರಸ ಗೊತ್ತು. ಬಯಕೆ ಗೊತ್ತಾ? ಆಸೆ ಇಟ್ಕೊಂಡು ಬಸುರಿ ಮೈ ಎಲ್ಲಿ ಮುಟ್ಕೊಂಡ್ಳೋ ಮಗುಗೆ ಅಲ್ಲೇ ಮಚ್ಚೆ! ಅವಳು ಮುಟ್ಕೊಳ್ಳೋದು ಹಣೆ! ಹಣೆ ಮೇಲೆ ಕತ್ತಿಮೀನು ಹೊತ್ಕೊಂಡು ಹುಟ್ಟಿದ್ರೆ ಆ ಮಗುನ ಯಾರು ಮದುವೆ ಆಗ್ತಾರೆ?"

"ಅದಕ್ಕೇ ಅಂತ..."

"ಬಸುರಿಗೆ ಅಂತ ತಂದಿದ್ದು ವಾಪಸ್ ಕಳ್ಸಿದ್ರೆ ತಂದವಳ ಕಣ್ಣ ರೆಪ್ಪೆ ಮೇಲೆ ಕುರು ಏಳುತ್ತೆ. ಮೊನ್ನೆ ತಾನೇ ಆ ಕಣ್ಣಿಗೆ ಆಪರೇಷನ್ ಆಗಿದೆ. ನಿನ್ನಿಷ್ಟ!"

ನಾನು ಶಾಲೆ ಕಲಿತವಳು. ಮೂಢನಂಬಿಕೆ ಗೀಢನಂಬಿಕೆ ನನ್ನಲ್ಲಿ ಇಲ್ಲವೇ ಇಲ್ಲ! ಆದರೆ ಆಪರೇಷನ್ ಆದ ಕಣ್ಣಿನ ಜೊತೆ ಆಟ ಆಡುವುದು ಹೇಗೆ? ತಟ್ಟೆ ತೆಗೆದುಕೊಂಡೆ. ಅಂದಿನಿಂದ ಪ್ಲಾಚಿದಾ ಹಣೆಗೆ ಕೈ ಎತ್ತಿದಾಗಲೆಲ್ಲ ಓಡಿಹೋಗಿ ಆ ಕೈಯನ್ನು ಕೆಳಗೆಳೆಯತೊಡಗಿದೆ.

"ಅಮ್ಮಾ, ಏನಾಗಿದೆ ನಿಂಗೆ? ಬಿಸಿಲು ಹೊಡೀತಿದೆ, ಕಣ್ಣಿಗೆ ಅಡ್ಡ ಇಟ್ಕೊಂಡೆ!"

"ಕೈ ನೋಯುತ್ತೆ, ಕಂದಾ. ಸೊಂಟದ ಹಿಂದೆ ಇಟ್ಕೋ." ಹಿಂದೆ ಮಚ್ಚೆಯಾದರೆ ಚಡ್ಡಿಯಾದರೂ ಮುಚ್ಚುತ್ತದೆ!

ನಿನಗೇನು ಬೇಕು ಎಂದು ಅವಳನ್ನೇ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳುವ ಹಾಗಿಲ್ಲ! ಹೆಸರು ಕಿವಿಗೆ ಬಿದ್ದರೆ ಇಲ್ಲದ ಬಯಕೆಯೂ ಹುಟ್ಟಿಕೊಳ್ಳುತ್ತದೆ ಎಂದು ನನ್ನಮ್ಮ, ಅವರಮ್ಮ, ಇಡೀ ಬೀದಿಯ ಅಮ್ಮಂದಿರು ಹೇಳುತ್ತ ಬಂದಿದ್ದಾರೆ. ಹಾಗಾಗಿ ನಮ್ಮ ಮನೆಯಲ್ಲಿ 'ಕತ್ತಿ' ಎಂಬ ಮಾತೇ ನಿಂತುಹೋಯಿತು. ಈರುಳ್ಳಿ ಹೆಚ್ಚಲು "ಆ ಹರಿತದ್ದು ಕೊಡು" ಎನ್ನುತ್ತಿದ್ದೆವು.

ಇನ್ನು ತಟ್ಟೆಯ ಕಥೆ. ಮೊದಲ ದಿನದ್ದನ್ನು ಕಸದ ಬುಟ್ಟಿಗೆ ಹಾಕಿದೆ. ಹಾಕಿ, ಸೆರಗು ಇಲ್ಲದ್ದರಿಂದ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡೆ. ಎರಡನೆಯ ದಿನದ್ದನ್ನು ಲಿಲ್ಲೊಗೆ ಕೊಟ್ಟು, "ಹೋಗಿ ಬೆಕ್ಕಿಗೆ ಹಾಕಿ ಬಾ" ಎಂದೆ. ಮೂರನೆಯ ದಿನ ತಟ್ಟೆ ಹಿಡಿದು ನಾನೇ ಮೇಲಿನ ತಾರಸಿಗೆ ಹೋದೆ. ಒಣಹಾಕಿದ ಹಾಸಿಗೆ ಬಟ್ಟೆಗಳ ಹಿಂದೆ ನಿಂತು, ಬರೀ ವಾಸನೆ ನೋಡಿ ಕಡಲ ಹಕ್ಕಿಗಳಿಗೆ ಎಸೆಯೋಣ ಎಂದುಕೊಂಡೆ.

ಆ ವಾಸನೆ! ಅದರಲ್ಲಿ ನನ್ನಮ್ಮನ ಕೈ ಇತ್ತು. ಮೊದಲ ಸಲ ಲಿಲ್ಲೊ ನಮ್ಮ ಮನೆಗೆ ಬಂದಾಗ ಹೆಣ್ಣು ಕೇಳಲು ಬಾಯಿ ಬಾರದೆ, ಕಾಗದದಲ್ಲಿ ಸುತ್ತಿದ ಮೀನಿನ ತುಂಡನ್ನು ಮೇಜಿನ ಮೇಲಿಟ್ಟು ಓಡಿಹೋದ ಸಂಜೆಯಿತ್ತು. ಆಮೇಲೆ ಪ್ರತಿ ಜೂನ್‌ನಲ್ಲಿ ದಡಕ್ಕೆ ಬಂದು, ಕಂಬದ ತುದಿಯ ಕಪ್ಪು ಚುಕ್ಕೆಯನ್ನು ನೋಡುತ್ತ ಅವನು ಇಳಿಯುವುದನ್ನೇ ಕಾದ ನನ್ನ ಇಪ್ಪತ್ತರ ವಯಸ್ಸಿತ್ತು. ಇಷ್ಟೆಲ್ಲವನ್ನೂ ಹಕ್ಕಿಗೆ ಹಾಕಲು ನಾನೇನು ಕಲ್ಲೇ? ನನಗೇನು ಬಸಿರೇ?

ತಿಂದೆ! ಬೆರಳನ್ನೂ ನೆಕ್ಕಿದೆ!

ಖಾಲಿ ತಟ್ಟೆ ಕೆಳಗೆ ಹೋದದ್ದೇ ತಡ, ಬೀದಿಗೆ ಹುರುಪು ಬಂತು. "ಹುಡುಗಿ ತಿಂತಿದ್ದಾಳೆ!" ಎಂದು ತಿಂದಾರಕ್ಕ ಡಂಗುರ ಹೊಡೆದಳು. ಬೇಕರಿಯವಳು ಟೊಮೇಟೊ ಆಲಿವ್ ಹಾಕಿ ಬೇಯಿಸಿದ್ದನ್ನು ಕಳಿಸಿದಳು. ಚರ್ಚಿನ ಗಂಟೆ ಹೊಡೆಯುವವನ ಹೆಂಡತಿ ಬದನೆಕಾಯಿಯ ಜೊತೆ ಹುರಿದದ್ದನ್ನು ತಂದಳು. ಲಿಲ್ಲೊನ ಹಳೆಯ ದೋಣಿಯವರಂತೂ ಮೀನಿನ ಕುತ್ತಿಗೆಯ ತುಂಡನ್ನೇ ಸುಟ್ಟು ಕಳಿಸಿದರು! ಮೀನು ಸಿಕ್ಕೊಡನೆ ಅದರ ಕೆನ್ನೆಯ ಮೇಲೆ ಉಗುರಿನಿಂದ ಶಿಲುಬೆಯ ಗುರುತು ಗೀರಿ, ಕೈಮುಗಿದು, ಆಮೇಲೆ ಆರಿಸಿ ತೆಗೆದ ತುಂಡು. ಅದನ್ನು ಬೇಡ ಎನ್ನಲು ಪೋಪರಿಗೂ ಧೈರ್ಯ ಸಾಲದು. ಬಂದದ್ದರಲ್ಲಿ ಅರ್ಧ ನನ್ನ ಜೊತೆ ತಾರಸಿಗೆ, ಇನ್ನರ್ಧ ಲಿಲ್ಲೊನ ಕೈಯಲ್ಲಿ ಬೆಕ್ಕಿಗೆ.

ಕುತ್ತಿಗೆಯ ತುಂಡಿನ ದಿನ ತಾರಸಿಗೆ ಹೋದರೆ ಹಾಸಿಗೆ ಬಟ್ಟೆಯ ಕೆಳಗೆ ಎರಡು ಕಾಲು ಕಂಡವು. ಕೆಂಪು ಚೌಕಳಿಯ ಮೇಜುಬಟ್ಟೆ ಹಾಸಿಕೊಂಡು ಲಿಲ್ಲೊ ಕೂತಿದ್ದ. ಕೈಯಲ್ಲಿ ಫೋರ್ಕು, ಪಕ್ಕದಲ್ಲಿ ಬೇಕರಿಯವಳ ತಟ್ಟೆ.

"ಬೆಕ್ಕಿಗೆ ಹಾಕ್ತಿದ್ದೆ," ಎಂದ.

"ನಮ್ಮನೇಲಿ ಬೆಕ್ಕಿಲ್ಲ, ಲಿಲ್ಲೊ."

"ಅದು ನಿಂಗೆ ಈಗ ಹೊಳೀತಾ? ಮೂರು ವಾರದಿಂದ ಕಳಿಸ್ತಿದ್ದೀಯ!" ನನ್ನ ಕೈಯಲ್ಲಿದ್ದ ತಟ್ಟೆ ನೋಡಿದ. ಸರಿದು ಜಾಗ ಬಿಟ್ಟ. "ಕೂತ್ಕೋ. ಕುತ್ತಿಗೆ ತುಂಡು ಆರಿದ್ರೆ ಪಾಪ ಬರುತ್ತೆ."

ಕೂತೆ. ಎದುರಿಗೆ ಕಡಲು, ಅದರ ಮೇಲೆ ಅವನ ಹಳೆಯ ದೋಣಿ. ಕಂಬದ ತುದಿಯಲ್ಲಿ ಬೇರೆ ಯಾರೋ. ಲಿಲ್ಲೊ ಅಗಿಯುವುದನ್ನು ನಿಲ್ಲಿಸಿ ಅದನ್ನೇ ಸ್ವಲ್ಪ ಹೊತ್ತು ನೋಡಿದ. "ಎಡಕ್ಕೆ ನೋಡಬೇಕು ಅವನು," ಎಂದು ತನಗೇ ಹೇಳಿಕೊಂಡ. ನಾನು ಅವನ ತಟ್ಟೆಗೆ ದೊಡ್ಡ ತುಂಡು ಹಾಕಿದೆ.

ಹೀಗೆ ಜೂನ್ ಕಳೆಯಿತು. ಜುಲೈಯ ಒಂದು ಬೆಳಿಗ್ಗೆ ಡಾಕ್ಟರಮ್ಮನಿಂದ ಫೋನು: ಕೂಡಲೇ ಬನ್ನಿ! ತಿಂದಾರಕ್ಕ ಕಣ್ಣಿನ ಔಷಧಿಗೆಂದು ಆ ಕಡೆ ಹೋದವಳು, ನಮ್ಮ ಹುಡುಗಿ ದಿನಾ ಕತ್ತಿಮೀನು ತಿಂದು ಎಷ್ಟು ಗುಂಡಗಾಗಿದ್ದಾಳೆ ಎಂದು ಹೆಮ್ಮೆಯಿಂದ ವರ್ಣಿಸಿ ಬಂದಿದ್ದಳು.

"ನಾನು ಅಷ್ಟು ಹೇಳಿದ್ದೆ, ಪ್ಲಾಚಿದಾ!" ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. "ಎರಡು ತಿಂಗಳಿಂದ, ದಿನಾ? ರಕ್ತ ಪರೀಕ್ಷೆಗೆ ಬರೀತಿದ್ದೀನಿ."

ಪ್ಲಾಚಿದಾ ಬಿಳಿಚಿಕೊಂಡಳು. ಎರಡೂ ಕೈ ಹೊಟ್ಟೆಗೆ ಹೋದವು. "ನಾನು ಮುಟ್ಟೇ ಇಲ್ಲ, ಡಾಕ್ಟ್ರೇ! ಬರೀ ಕಡಲೆ... ಅಮ್ಮಾ, ಕಡಲೆಯೊಳಗೆ ಏನಾದ್ರೂ ಹಾಕ್ತಿದ್ಯಾ? ಹೇಳಮ್ಮಾ!"

ಆ ಮುಖವನ್ನು ಹಿಂದೆ ಎರಡು ಸಲ ನೋಡಿದ್ದೆ. ಮೂರನೆಯ ಸಲ ನೋಡುವ ಶಕ್ತಿ ನನಗಿರಲಿಲ್ಲ.

"ನಾನು ತಿಂದೆ," ಎಂದೆ. "ಬಂದ ತಟ್ಟೆಯೆಲ್ಲ ನಾನೇ ತಿಂದೆ. ಅರ್ಧ ನಿಮ್ಮಪ್ಪ. ನಿನ್ನ ತಟ್ಟೆಗೆ ಒಂದು ಚೂರೂ ಬಿದ್ದಿಲ್ಲ, ಈ ಎದೆ ಮುಟ್ಟಿ ಹೇಳ್ತೀನಿ."

ಪ್ಲಾಚಿದಾ ಅಳುತ್ತಲೇ ನಗತೊಡಗಿದಳು. ಡಾಕ್ಟರಮ್ಮ ಬರೆಯುತ್ತಿದ್ದ ಚೀಟಿ ಹರಿದು, ಹೊಸದೊಂದು ಬರೆದು ನನ್ನ ಕೈಗಿಟ್ಟರು: ಕಡಲೆಕಾಳು, ದಿನಕ್ಕೊಂದು ಬಟ್ಟಲು, ಮೂರು ತಿಂಗಳು. ಮೇಲೆ ರೋಗಿಯ ಹೆಸರು: ಸರೀನಾ.

ದಾರಿಯಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. "ಹಾಗಾದ್ರೆ ದಿನಾ ದೋಣಿ ನೋಡ್ಕೊಂಡು ನಿಟ್ಟುಸಿರು ಬಿಡ್ತಿದ್ಯಲ್ಲ, ಅದು?"

"ದೋಣಿ ಯಾರು ನೋಡಿದ್ರು? ನತಾಲೆಯ ಹಡಗು ಈ ಬೇಸಿಗೇಲಿ ಇದೇ ದಾರೀಲಿ ಹೋಗುತ್ತಂತೆ. ನಿಲ್ಲಲ್ಲ, ಸುಮ್ಮನೆ ದಾಟಿ ಹೋಗುತ್ತೆ. ಯಾವತ್ತು ಅಂತ ಅವನಿಗೂ ಗೊತ್ತಿರಲಿಲ್ಲ. ದಿನಾ ಕಾಯ್ತಿದ್ದೆ. ಕಣ್ಣಿಗೆ ಕೈ ಅಡ್ಡ ಇಟ್ರೆ ನೀನು ಬಂದು ಎಳೀತಿದ್ದೆ!"

"ಹೇಳಬಾರದಿತ್ತೇನೇ?"

"ಹೇಳಿದ್ರೆ ಇಡೀ ಬೀದಿನ ಬ್ಯಾಂಡಿನ ಸಮೇತ ಕರೀತಿದ್ದೆ."

ಮಗಳ ಬಯಕೆಗೆ ಊರೆಲ್ಲ ಹೆಸರಿಟ್ಟಿತ್ತು. ಆ ಹೆಸರಿನಲ್ಲಿ ಊಟ ಮಾಡಿದವಳು ನಾನು.

ಮುಂದಿನ ಗುರುವಾರ ಅವಳ ಫೋನು ಗುಂಯ್‌ಗುಟ್ಟಿತು. ಇವತ್ತು, ನಾಲ್ಕು ಗಂಟೆ! ಮೂವರೂ ಬಾಲ್ಕನಿಯಲ್ಲಿ ನಿಂತೆವು. ದೂರದಲ್ಲಿ ಹತ್ತಾರು ಹಡಗು, ಎಲ್ಲವೂ ಒಂದೇ ಥರ. ಲಿಲ್ಲೊ ನೋವಿರುವ ಮೊಣಕಾಲನ್ನು ಕುರ್ಚಿಯ ಮೇಲಿಟ್ಟು, ನಾನು ಕಿರುಚುತ್ತಿದ್ದರೂ ಕೇಳದೆ ಕುರ್ಚಿ ಹತ್ತಿ ನಿಂತ. ಕಣ್ಣು ಕಿರಿದಾಗಿಸಿದ. ಮೂವತ್ತು ವರ್ಷದ ಆ ದನಿ ಎಲ್ಲಿತ್ತೋ, ಇಡೀ ಬೀದಿಗೆ ಕೇಳುವ ಹಾಗೆ ಹೊರಟಿತು: "ಕಂಡ್ನಪ್ಪೋ! ಕೆಂಪು ಹಡಗು! ಹಿಂಬದೀಲಿ ಬಿಳಿ ಅಂಗಿಯವನು, ಒಬ್ಬನೇ!"

ಪ್ಲಾಚಿದಾ ಕೈಗೆ ಸಿಕ್ಕಿದ್ದನ್ನು ಎಳೆದು ಬೀಸಿದಳು. ಅದೇ ಕೆಂಪು ಚೌಕಳಿಯ ಮೇಜುಬಟ್ಟೆ, ಮೇಲೆಲ್ಲ ಎಣ್ಣೆಯ ಕಲೆ! ನಾನು ಏಪ್ರನ್ ಬೀಸಿದೆ, ಲಿಲ್ಲೊ ಟೋಪಿ ಬೀಸಿದ. ಹಡಗು ಒಮ್ಮೆ, ಇನ್ನೊಮ್ಮೆ ಕೂಗಿತು. ಹತ್ತು ನಿಮಿಷ, ಅಷ್ಟೇ. ಬಿಳಿ ಚುಕ್ಕೆ ಸಣ್ಣದಾಗುತ್ತ ಹೋಗಿ ಬೆಳಕಿನಲ್ಲಿ ಕರಗಿತು. ಅವಳು ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಹಣೆಯ ಮೇಲೆ ಇಟ್ಟು ನೋಡುತ್ತಲೇ ಇದ್ದಳು. ಈ ಸಲ ನಾನು ಆ ಕೈಯನ್ನು ಎಳೆಯಲಿಲ್ಲ. ಮಚ್ಚೆ ಬರುವುದಿದ್ದರೆ ಬರಲಿ. ಹಣೆಯ ಮೇಲೆ ಹಡಗು ಇದ್ದರೆ ಅಪ್ಪನ ಗುರುತಾದರೂ ಸಿಗುತ್ತದೆ.

ಹಡಗು ಸರಿದ ಜಾಗದಲ್ಲಿ ಲಿಲ್ಲೊನ ಹಳೆಯ ದೋಣಿ ಕಂಡಿತು. ಅದರ ಮೇಲೆ ಈಗಷ್ಟೇ ಎಳೆದು ಹಾಕಿದ, ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುವ ಒಂದು ಮೀನು! ಒಂದು ವಾರದಿಂದ ನನ್ನ ಬಟ್ಟಲಲ್ಲಿ ಬರೀ ಕಡಲೆಕಾಳು. ನಿಟ್ಟುಸಿರೊಂದು ತಾನಾಗಿ ಹೊರಬಂತು. ನನಗೇ ಗೊತ್ತಿಲ್ಲದೆ ಒಂದು ಕೈ ಹೊಟ್ಟೆಗೆ, ಇನ್ನೊಂದು ಹಣೆಗೆ ಹೋಗಿತ್ತು.

ಕೆಳಗಿನಿಂದ ತಿಂದಾರಕ್ಕ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ಅವಳ ಕೈಯಲ್ಲಿ ಮುಚ್ಚಿದ ತಟ್ಟೆ.

"ಲೇ ಸರೀನಾ, ತಟ್ಟೆ ಕೊಡೋಕೆ ಮುಂಚೆ ಒಂದು ಕೇಳ್ತೀನಿ, ನಿಜ ಹೇಳು," ಎಂದು ಕೂಗಿದಳು. "ನಿಮ್ಮಿಬ್ಬರಲ್ಲಿ ಬಸುರಿ ಯಾರೇ?"