ಬಿಸಿಯಾಗದ ಡಬ್ಬಿ

ಕಪ್ಪು ಮಿಶ್ರಣವನ್ನು ಕಲಸಿ ಕಲಸಿ ಪ್ರಯೋಗಾಲಯದ ಸಹಾಯಕಿಯ ರಟ್ಟೆ ಸೋತಿತ್ತು. ಅಂಟಿನಂಥ ಪ್ಲಾಸ್ಟಿಕ್ಕಿನೊಳಗೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಇಂಗಾಲದ ಪುಡಿ. ಕಲಸಿದ ಕೂಡಲೇ ಅಚ್ಚಿಗೆ ಸುರಿಯಬೇಕೆಂದು ಪ್ರಯೋಗಾಲಯದ ಮುಖ್ಯಸ್ಥರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವಳು ಮುಚ್ಚಳ ಮುಚ್ಚಿ, ಒಂದು ಲೋಟ ಚಹಾ ಕುಡಿದು ಮುಗಿಸಿ, ಆಮೇಲೆ ಸುರಿಯುತ್ತಿದ್ದಳು. ಹಾಗೆ ಮಾಡಿದಾಗಲೇ ಅಚ್ಚಿನಿಂದ ಬಂದ ಹಾಳೆ ಹತ್ತಿಯಷ್ಟು ಹಗುರಾಗಿ, ಮೈಕ್ರೋವೇವ್ ಅಲೆಗಳನ್ನು ಹಿಂದಕ್ಕೆ ಕಳಿಸದೆ ಗಟಗಟ ಕುಡಿದುಬಿಡುತ್ತಿತ್ತು.

ಬೆಳಿಗ್ಗೆ ಅಂಥ ಒಂದು ಹಾಳೆಯನ್ನು ಅಳೆದಿದ್ದಳು. ಹಿಂದಿರುಗಿದ ಅಲೆ, ಸೊನ್ನೆ.

"ಸೊನ್ನೆ ಅಂದ್ರೆ ಯಂತ್ರ ಆನ್ ಮಾಡೋಕೇ ಮರೆತಿದೀಯಮ್ಮ," ಎಂದರು ಮುಖ್ಯಸ್ಥರು.

"ಹದಿನೆಂಟು ವರ್ಷದಿಂದ ಆನ್ ಮಾಡ್ತಿದೀನಿ ಸರ್."

"ಪಾತ್ರೆ ತಿಕ್ಕೋ ಸ್ಪಂಜು ಇದು. ಇದಕ್ಕೆ ವರದೀಲಿ ನಿನ್ನ ಹೆಸರು ಬೇರೆ ಹಾಕ್ಬೇಕಾ?"

ವರದಿ ಸಂಜೆಯೇ ಹೋಗುವುದಿತ್ತು. ಹದಿನೆಂಟು ವರ್ಷಗಳಲ್ಲಿ ಒಂದು ವರದಿಯಲ್ಲೂ ಅವಳ ಹೆಸರಿರಲಿಲ್ಲ.

ಮಧ್ಯಾಹ್ನ ಊಟದ ಕೋಣೆಯಿಂದ ಕೂಗು ಬಂತು. "ಅಕ್ಕಾ, ನಿಮ್ಮ ಮೈಕ್ರೋವೇವ್ ಓವನ್ ಕೆಟ್ಟೋಯ್ತು!"

ಓವನ್ ಅವಳದ್ದಲ್ಲ. ಆದರೆ ಆ ಕಟ್ಟಡದಲ್ಲಿ ಪ್ಲಗ್ ಇರುವುದೆಲ್ಲ ಕೆಟ್ಟ ದಿನ ಮಾತ್ರ ಅವಳದ್ದಾಗುತ್ತಿತ್ತು.

"ಸರ್ ಡಬ್ಬೀನ ಮೂರು ಸಲ ಇಟ್ಟೆ," ಎಂದಳು ಟೈಪಿಸ್ಟ್ ಹುಡುಗಿ.

"ಡಬ್ಬೀನ ಕಂಕುಳಲ್ಲಿ ಇಟ್ಕೊಂಡಿದ್ರೂ ಇಷ್ಟೊತ್ತಿಗೆ ಬಿಸಿ ಆಗ್ತಿತ್ತು!" ಎಂದ ಗುಮಾಸ್ತ. "ಏನು ನೋಡ್ಕೋತೀರಮ್ಮ ನೀವು?"

ಅವಳು ಓವನ್ನಿನೊಳಗೆ ಕೈ ಹಾಕಿದಳು. ಡಬ್ಬಿ ತಣ್ಣಗಿತ್ತು. ಅದರಡಿಯ ಕಪ್ಪು ಹಾಳೆ ಬೆರಳನ್ನು ಚುರ್ರೆನಿಸಿತು. ಅವಳದೇ ಹಾಳೆ!

"ಇದನ್ನ ಯಾರು ಇಲ್ಲಿಟ್ಟಿದ್ದು?"

"ನಾನೇ," ಎಂದರು ಮುಖ್ಯಸ್ಥರು, ಚಮಚ ಹಿಡಿದುಕೊಂಡು. "ನನ್ನ ಡಬ್ಬಿ ಸೋರುತ್ತೆ, ಅದಕ್ಕೆ ಹಾಸಿದೆ."

"ಓವನ್ ಸರಿಯಾಗೇ ಇದೆ ಸರ್. ಬಿಸಿ ಮಾಡೋ ಅಲೆಯನ್ನೆಲ್ಲ ಹಾಳೆ ಕುಡಿದಿದೆ."

ಬಟ್ಟೆಯಲ್ಲಿ ಹಿಡಿದು ಹಾಳೆಯನ್ನು ಹೊರತೆಗೆದಳು. ಎರಡೇ ನಿಮಿಷಕ್ಕೆ ಡಬ್ಬಿ ಹಬೆಯಾಡಿತು. ಮುಖ್ಯಸ್ಥರು ಊಟ ಬಿಟ್ಟು, ಹಾಳೆ ಎತ್ತಿಕೊಂಡು ತಮ್ಮ ಕೋಣೆಗೆ ಓಡಿದರು. ಅವಳು ಸುಟ್ಟ ಬೆರಳಿಗೆ ಊದಿಕೊಳ್ಳುತ್ತಾ ನಕ್ಕಳು.

ಸಂಜೆ ಟೈಪಿಸ್ಟ್ ಓಡಿ ಬಂದಳು. "ಅಕ್ಕಾ, ವರದೀಲಿ ನಿಮ್ಮ ಹೆಸರಿದೆ!"

ಇತ್ತು. ಮೇಲೆ: 'ಮುಖ್ಯಸ್ಥರು ಊಟದ ಕೋಣೆಯಲ್ಲಿ ಉದ್ದೇಶಪೂರ್ವಕವಾಗಿ ನಡೆಸಿದ ವಿನೂತನ ಪ್ರಯೋಗದಿಂದ ಈ ಹಾಳೆಯ ಗುಣ ಸಾಬೀತಾಗಿದೆ.' ಕಟ್ಟಕಡೆಗೆ: 'ಓವನ್ ದುರಸ್ತಿ', ಅದರ ಮುಂದೆ ಅವಳ ಹೆಸರು. ಅದರಲ್ಲೂ ಒಂದು ಅಕ್ಷರ ತಪ್ಪು.

ಬೆರಳಿನ ಉರಿ ಮೈಗೆಲ್ಲ ಹತ್ತಿತು.

ಮುಖ್ಯಸ್ಥರು ಬಾಗಿಲಲ್ಲೇ ನಿಂತು ಹೇಳಿದರು: "ನಾಳೆಯಿಂದ ಇಂಥವು ನೂರು ಬೇಕು. ಪುಸ್ತಕದಲ್ಲಿ ಬರೆದಿರೋ ಹಾಗೇ ಮಾಡು. ನಿನ್ನ ಬುದ್ಧಿ ಓಡಿಸ್ಬೇಡ."

"ಆಗ್ಲಿ ಸರ್."

ಅವಳು ಚಹಾದ ಲೋಟ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡಳು. ನಾಳೆಯಿಂದ ಚಹಾ ಮನೆಯಲ್ಲೇ ಕುಡಿದು ಬರುವುದು, ಕಲಸಿದ ಕೂಡಲೇ ಸುರಿಯುವುದು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ.